ಫೋಟೊದ ಬೆನ್ನು

ಹಳೆಯ ಫೋಟೊಗಳನ್ನು ಆಕರವಾಗಿಟ್ಟುಕೊಂಡು ಕೆಲಸ ಮಾಡುವವರು ಫೋಟೊ ಕೈಗೆ ಸಿಕ್ಕ ಕೂಡಲೇ ಮಾಡುವ ಮೊದಲ ಕೆಲಸವೆಂದರೆ ಅದನ್ನು ಮಗುಚಿ ನೋಡುವುದು. ಮುಂಬದಿಯಲ್ಲಿ ಯಾರೋ ಪೇಟ ಸುತ್ತಿಕೊಂಡು, ಕುರ್ಚಿಯ ಮೇಲೆ ಕೈಯೂರಿ ನಿಂತಿರುತ್ತಾರೆ. ಅವರು ಯಾರು, ಯಾವ ಊರಿನವರು, ಯಾವ ಇಸವಿಯಲ್ಲಿ ಹೀಗೆ ನಿಂತರು ಎಂಬುದನ್ನು ಆ ಮುಖ ಹೇಳುವುದಿಲ್ಲ. ಹೇಳಿದರೆ ಬೆನ್ನು ಹೇಳಬೇಕು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಫೋಟೊಗಳನ್ನು ತೆಳು ಕಾಗದದ ಮೇಲೆ ಮುದ್ರಿಸಿ ದಪ್ಪ ರಟ್ಟಿಗೆ ಅಂಟಿಸುತ್ತಿದ್ದರು. ಆ ರಟ್ಟಿನ ಹಿಂಬದಿಯಲ್ಲಿ ಸ್ಟುಡಿಯೊದ ಹೆಸರು, ಬೀದಿ, ಊರು, ಪ್ರದರ್ಶನಗಳಲ್ಲಿ ಗೆದ್ದ ಪದಕಗಳ ಚಿತ್ರ, ಯಾವ ರಾಜನ ಅಥವಾ ಗವರ್ನರನ ಆಶ್ರಯವಿದೆ ಎಂಬ ವಿವರ ಅಚ್ಚಾಗಿರುತ್ತಿತ್ತು. ಬಹಳಷ್ಟು ರಟ್ಟುಗಳ ತಳದಲ್ಲಿ ಸಣ್ಣ ಅಕ್ಷರದ ಇನ್ನೊಂದು ಸಾಲೂ ಇರುತ್ತದೆ. ನೆಗೆಟಿವ್ ಕಾಪಾಡಿ ಇಟ್ಟಿದ್ದೇವೆ, ಯಾವಾಗ ಬೇಕಾದರೂ ಮರುಪ್ರತಿ ಸಿಗುತ್ತದೆ ಎಂಬುದು ಅದರ ಅರ್ಥ.

ರಟ್ಟಿನ ಮೂಲೆ ಚೂಪಾಗಿದೆಯೋ ದುಂಡಗಿದೆಯೋ, ಅದರ ದಪ್ಪ ಎಷ್ಟು, ಬೆನ್ನ ಮೇಲೆ ಬರೀ ಹೆಸರಿದೆಯೋ ಇಲ್ಲ ಹೂಬಳ್ಳಿಯ ಅಲಂಕಾರವೂ ಇದೆಯೋ ಎಂಬುದರಿಂದ ಫೋಟೊದ ದಶಕವನ್ನು ಅಂದಾಜು ಮಾಡಬಹುದು. ಅಮೆರಿಕದ ಫೋಟೊ ಆಗಿದ್ದು, ಬೆನ್ನಿಗೆ ಎರಡು ಅಥವಾ ಮೂರು ಸೆಂಟಿನ ರೆವಿನ್ಯೂ ಸ್ಟಾಂಪ್ ಅಂಟಿಸಿದ್ದರೆ ಕೆಲಸ ಇನ್ನೂ ಸುಲಭ. ಅಂತರ್ಯುದ್ಧದ ಖರ್ಚಿಗಾಗಿ ಅಲ್ಲಿನ ಸರ್ಕಾರ ಫೋಟೊಗಳ ಮೇಲೆ ಹಾಕಿದ ತೆರಿಗೆ ಜಾರಿಯಲ್ಲಿದ್ದದ್ದು 1864ರ ಸೆಪ್ಟೆಂಬರಿನಿಂದ 1866ರ ಆಗಸ್ಟ್ ಆರಂಭದವರೆಗೆ ಮಾತ್ರ. ಆ ಎರಡು ವರ್ಷದ ಕಿಂಡಿಯೊಳಗೆ ಫೋಟೊ ತಾನಾಗಿ ಬಂದು ಕೂರುತ್ತದೆ.

ಇದಾವುದನ್ನೂ ಯಾರೂ ಚರಿತ್ರೆಕಾರರಿಗೆಂದು ಬರೆಯಲಿಲ್ಲ. ಬರೆದದ್ದು ಗಿರಾಕಿಗಾಗಿ. ಫೋಟೊ ಒಂದು ಮನೆಯಿಂದ ಇನ್ನೊಂದು ಮನೆಗೆ, ಒಂದು ಆಲ್ಬಮ್ಮಿನಿಂದ ಮತ್ತೊಂದಕ್ಕೆ ಹೋಗುತ್ತಿತ್ತು. ನೋಡಿದವರಿಗೆ ತಮಗೂ ಒಂದು ಬೇಕೆನ್ನಿಸಿದರೆ, ಮಗುಚಿದಾಗ ವಿಳಾಸ ಸಿಗಬೇಕಿತ್ತು. ಇವತ್ತು ಫೋಟೊ ವೃತ್ತಿಯವರು ತಮ್ಮ ವೆಬ್‌ಸೈಟನ್ನು ಹೇಗೆ ಸುಧಾರಿಸಿದರೆ ಹೆಚ್ಚು ಜನ ಬರುತ್ತಾರೆ ಎಂದು ತಲೆ ಕೆಡಿಸಿಕೊಳ್ಳುವಾಗ ಕೇಳುತ್ತಿರುವುದು ಇದೇ ಹಳೆಯ ಪ್ರಶ್ನೆಯನ್ನು. ಆ ಪ್ರಶ್ನೆಗೆ ನೂರೆಪ್ಪತ್ತು ವರ್ಷಗಳ ಚರಿತ್ರೆ ಇದೆ. ಗಿರಾಕಿಯನ್ನು ಕರೆತಂದ ಸಂಗತಿ ಮತ್ತು ಮುಂದೊಂದು ದಿನ ಆ ಚಿತ್ರವನ್ನು ಓದಲು ನೆರವಾದ ಸಂಗತಿ ಎರಡೂ ಬಹುಮಟ್ಟಿಗೆ ಒಂದೇ ಎಂಬುದು ಆ ಚರಿತ್ರೆಯನ್ನು ನೋಡುತ್ತ ಹೋದಂತೆ ನನಗೆ ಕಂಡದ್ದು.

ರಟ್ಟಿನ ಕಥೆ ಶುರುವಾಗುವುದು ಪ್ಯಾರಿಸ್ಸಿನಲ್ಲಿ. ದಗೇರ್ ಕಂಡುಹಿಡಿದ ವಿಧಾನವನ್ನು 1839ರ ಆಗಸ್ಟ್ 19ರಂದು ಅಲ್ಲಿ ಬಹಿರಂಗಪಡಿಸಲಾಯಿತು. ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಮೂಡುವ ಆ ಚಿತ್ರ ಒಂದೇ ಒಂದು ಪ್ರತಿ. ನೆಗೆಟಿವ್ ಎಂಬುದೇ ಇಲ್ಲ. ಗಾಜು ಮುಚ್ಚಿ, ಪೆಟ್ಟಿಗೆಯಲ್ಲಿಟ್ಟು ಕೊಡುವ ಒಡವೆಯಂಥ ವಸ್ತು ಅದು. ಗಾಜಿನ ನೆಗೆಟಿವ್ ಬಂದ ಮೇಲೆ ಒಂದು ಚಿತ್ರಕ್ಕೆ ನೂರು ಪ್ರತಿ ತೆಗೆಯಬಹುದಾಯಿತು. 1854ರಲ್ಲಿ ಆಂದ್ರೆ ದಿಸ್ದೇರಿ ಎಂಬ ಛಾಯಾಗ್ರಾಹಕ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಹಲವು ಲೆನ್ಸ್‌ಗಳ ಕ್ಯಾಮೆರಾದಿಂದ ಒಂದೇ ಗಾಜಿನ ಫಲಕದ ಮೇಲೆ ಎಂಟು ಪುಟ್ಟ ಚಿತ್ರ ತೆಗೆದು, ಒಟ್ಟಿಗೆ ಮುದ್ರಿಸಿ, ಕತ್ತರಿಸಿ, ಸುಮಾರು ಎರಡೂವರೆ ಇಂಚು ಅಗಲ ನಾಲ್ಕು ಇಂಚು ಎತ್ತರದ ರಟ್ಟಿಗೆ ಅಂಟಿಸಿ ಕೊಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಅದರ ಹೆಸರು ಕಾರ್ತ್ ದ ವಿಜೀತ್, ಅಂದರೆ ಭೇಟಿಚೀಟಿ. ಅಳತೆ ಚಿಕ್ಕದಾದಂತೆ ದರವೂ ಬಿತ್ತು. ಸಾಧಾರಣ ಗುಮಾಸ್ತ, ಅಂಗಡಿಯವನು, ಸೈನಿಕ ಎಲ್ಲರೂ ಡಜನ್ ಲೆಕ್ಕದಲ್ಲಿ ತಮ್ಮ ಮುಖವನ್ನು ಕೊಂಡು ಹಂಚಿದರು.

ಮೂರನೆಯ ನೆಪೋಲಿಯನ್ 1859ರಲ್ಲಿ ಇಟಲಿಯ ಯುದ್ಧಕ್ಕೆ ಹೊರಟಾಗ ಸೈನ್ಯವನ್ನು ಬೀದಿಯಲ್ಲೇ ನಿಲ್ಲಿಸಿ ದಿಸ್ದೇರಿಯ ಸ್ಟುಡಿಯೊ ಹೊಕ್ಕು ಫೋಟೊ ತೆಗೆಸಿಕೊಂಡ ಎಂಬ ಕಥೆಯೊಂದಿದೆ. ವಿದ್ವಾಂಸರು ಅದನ್ನು ನಂಬುವುದಿಲ್ಲ. ಆದರೆ ಕಥೆ ಸುಳ್ಳಾದರೂ ವ್ಯಾಪಾರ ನಿಜ. ದೊಡ್ಡವರೊಬ್ಬರು ಬಂದರೆ ಊರೇ ಬರುತ್ತದೆ ಎಂಬುದು ಆಗಲೇ ಎಲ್ಲರಿಗೂ ಗೊತ್ತಿತ್ತು. ಮರುವರ್ಷ, 1860ರಲ್ಲಿ, ಲಂಡನ್ನಿನ ಮೇಯಲ್ ರಾಣಿ ವಿಕ್ಟೋರಿಯಾ ಮತ್ತು ಅವಳ ಕುಟುಂಬದ ಭೇಟಿಚೀಟಿಗಳ ಆಲ್ಬಮ್ ಹೊರತಂದಾಗ ಇಂಗ್ಲೆಂಡಿನಲ್ಲಿ ಅದೊಂದು ಗೀಳಾಯಿತು. ರಾಣಿಯ ಪಕ್ಕದ ಖಾಲಿ ಜೇಬಿನಲ್ಲಿ ನಿಮ್ಮ ಅತ್ತಿಗೆಯ ಚಿತ್ರ ಸಿಕ್ಕಿಸಿಡಬಹುದು. ಆ ಮೋಹವನ್ನು ಕಾಲು ಕೊಂಕಿಸಿ ನಗುವ ಮುನ್ನ ನಮ್ಮ ಫೋನಿನ ಗ್ಯಾಲರಿಯಲ್ಲಿ ಯಾರ ಪಕ್ಕ ಯಾರಿದ್ದಾರೆ ಎಂದು ನೋಡಿಕೊಳ್ಳಬಹುದು.

ದಿಸ್ದೇರಿ ತನ್ನ ಪೇಟೆಂಟನ್ನು ಉಳಿಸಿಕೊಳ್ಳಲಾಗಲಿಲ್ಲ. ಎಲ್ಲರೂ ಅದನ್ನೇ ಮಾಡತೊಡಗಿದರು, ದರ ಮತ್ತಷ್ಟು ಇಳಿಯಿತು, 1889ರಲ್ಲಿ ಆತ ಬಡವನಾಗಿ ಸತ್ತ. ಎಲ್ಲರ ಬಳಿಯೂ ಅದೇ ಕ್ಯಾಮೆರಾ, ಅದೇ ಅಳತೆ, ಅದೇ ಬಣ್ಣದ ಪರದೆ ಇದ್ದಾಗ ಒಬ್ಬ ಛಾಯಾಗ್ರಾಹಕನನ್ನು ಇನ್ನೊಬ್ಬನಿಂದ ಬೇರೆ ಮಾಡುವುದು ಯಾವುದು? ಇದಕ್ಕೆ ಅತ್ಯಂತ ಗಟ್ಟಿ ಸದ್ದಿನ ಉತ್ತರ ಕೊಟ್ಟವನು ನಾದಾರ್. ಇವನ ನಿಜವಾದ ಹೆಸರು ಗಾಸ್ಪಾರ್ ಫೆಲಿಕ್ಸ್ ತುರ್ನಾಶೋಂ. ನಾದಾರ್ ಎಂಬುದು ವ್ಯಂಗ್ಯಚಿತ್ರಗಳಿಗೆ ಹಾಕುತ್ತಿದ್ದ ಅಂಕಿತ. ತಮ್ಮ ಆದ್ರಿಯಾಂಗೆ ಫೋಟೊ ವೃತ್ತಿಗೆ ದಾರಿ ಮಾಡಿಕೊಟ್ಟವನು ಇವನೇ. ತಮ್ಮ 'ಕಿರಿಯ ನಾದಾರ್' ಎಂಬ ಹೆಸರು ಇಟ್ಟುಕೊಂಡು ಅಂಗಡಿ ನಡೆಸತೊಡಗಿದಾಗ ಅಣ್ಣ ಕೋರ್ಟಿಗೆ ಹೋದ. ಮೊದಲ ಸುತ್ತಿನಲ್ಲಿ ಸೋತು, 1857ರ ಡಿಸೆಂಬರಿನಲ್ಲಿ ಮೇಲ್ಮನವಿಯಲ್ಲಿ ಗೆದ್ದ. ಆ ಐದಾರು ಅಕ್ಷರಗಳ ಹಕ್ಕು ಅವನೊಬ್ಬನದಾಯಿತು.

ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಒಂದು ಹೆಸರಿಗಾಗಿ ಹೀಗೆ ಕಾದಾಡಿದ್ದು ವಿಚಿತ್ರ ಎನ್ನಿಸಬಹುದು. ಆದರೆ ಈಗ ಡೊಮೇನ್ ಹೆಸರಿನ ಜಗಳಗಳನ್ನು ಕಂಡವರಿಗೆ ಇದು ಅರ್ಥವಾಗುತ್ತದೆ. ಗಿರಾಕಿ ಹುಡುಕಿಕೊಂಡು ಬರುವುದು ಹೆಸರನ್ನು. ಆ ಹೆಸರಿನ ಬಾಗಿಲು ಇನ್ನೊಬ್ಬರ ಅಂಗಡಿಗೆ ತೆರೆದರೆ ಮುಗಿಯಿತು. 1860ರಲ್ಲಿ ನಾದಾರ್ ಬುಲೆವಾರ್ ದೆ ಕಾಪ್ಯೂಸಿನ್‌ನ 35ನೆಯ ನಂಬರಿನ ಕಟ್ಟಡಕ್ಕೆ ಬಂದಾಗ ತನ್ನ ಸಹಿಯನ್ನೇ ಕಟ್ಟಡದ ಮುಖಕ್ಕೆ ಅಡ್ಡಲಾಗಿ ಬರೆಸಿದ. ರಾತ್ರಿ ಅದು ಗ್ಯಾಸ್ ದೀಪದಲ್ಲಿ ಬೆಳಗುತ್ತಿತ್ತು. ಇದಕ್ಕೆಲ್ಲ ಮಾಡಿದ ಸಾಲ ಅವನನ್ನು ಬಹುಕಾಲ ಕಾಡಿತು ಎಂಬುದನ್ನೂ ಹೇಳಬೇಕು. 1863ರಲ್ಲಿ ದೊಡ್ಡ ಬಲೂನೊಂದನ್ನು ಕಟ್ಟಿಸಿ ಹಾರಿದ್ದಂತೂ ಜಾಹೀರಾತಿಗಿಂತ ಹೆಚ್ಚಾಗಿ ಹುಚ್ಚು. ಆದರೆ ಆ ವಿಳಾಸ ಎಷ್ಟು ಪ್ರಸಿದ್ಧವಾಯಿತೆಂದರೆ, 1874ರಲ್ಲಿ ಮೊನೆ, ದೆಗಾ, ರೆನ್ವಾರ್ ಮೊದಲಾದವರು ತಮ್ಮ ಮೊದಲ ಪ್ರದರ್ಶನಕ್ಕೆ ಆರಿಸಿಕೊಂಡದ್ದು ನಾದಾರನ ಅದೇ ಹಳೆಯ ಸ್ಟುಡಿಯೊವನ್ನು.

ಅಟ್ಲಾಂಟಿಕ್‌ನ ಆಚೆ ಮ್ಯಾಥ್ಯೂ ಬ್ರೇಡಿ ಬೇರೆ ಲೆಕ್ಕ ಹಾಕಿದ್ದ. 1844ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಅವನ ಸ್ಟುಡಿಯೊ ತೆರೆದದ್ದು ಬಾರ್ನಮ್‌ನ ಮ್ಯೂಸಿಯಂ ಬಳಿ, ಜನ ಹೇಗೂ ಸೇರುವ ಜಾಗದಲ್ಲಿ. ಅಧ್ಯಕ್ಷರು, ಸೆನೆಟರುಗಳು, ನಟಿಯರ ಭಾವಚಿತ್ರಗಳನ್ನು ತೂಗುಹಾಕಿದ ಗ್ಯಾಲರಿಗೆ ಯಾರು ಬೇಕಾದರೂ ಬಂದು ನೋಡಬಹುದಿತ್ತು. ನೋಡಲು ಬಂದವರಲ್ಲಿ ಕೆಲವರು ಮಹಡಿ ಹತ್ತಿ ತಾವೂ ಕುರ್ಚಿಯಲ್ಲಿ ಕೂರುತ್ತಿದ್ದರು. ಬ್ರೇಡಿ ಎಲ್ಲದಕ್ಕೂ ತನ್ನ ಹೆಸರನ್ನೇ ಹಾಕಿಕೊಂಡ. 1862ರ ಅಕ್ಟೋಬರಿನಲ್ಲಿ ಆಂಟೀಟಮ್ ರಣಭೂಮಿಯ ಶವಗಳ ಚಿತ್ರಗಳನ್ನು ಜನ ಅವನ ಗ್ಯಾಲರಿಯಲ್ಲಿ ನಿಂತು ನೋಡಿದರು. ಆ ಚಿತ್ರಗಳನ್ನು ತೆಗೆದದ್ದು ಅಲೆಕ್ಸಾಂಡರ್ ಗಾರ್ಡ್ನರ್ ಮತ್ತು ಅವನ ಸಹಾಯಕ. ಗಾರ್ಡ್ನರ್ ಆಮೇಲೆ ಬ್ರೇಡಿಯನ್ನು ಬಿಟ್ಟು ತನ್ನದೇ ಸ್ಟುಡಿಯೊ ತೆರೆದ, ತನ್ನ ಪ್ರಕಟಣೆಗಳಲ್ಲಿ ಪ್ರತಿ ಚಿತ್ರದ ಕೆಳಗೆ ತೆಗೆದವನ ಹೆಸರು ಹಾಕಿದ. ಇವತ್ತಿನ ಮದುವೆ ಫೋಟೊ ಕಂಪನಿಗಳ ಸೈಟುಗಳಲ್ಲಿ ಮಂಟಪದ ಎದುರು ದಿನವಿಡೀ ನಿಂತ ಹುಡುಗನ ಹೆಸರು ಎಲ್ಲಿದೆ ಎಂದು ಹುಡುಕಿದರೆ ಬ್ರೇಡಿಯೇ ಗೆದ್ದನೆಂದು ತಿಳಿಯುತ್ತದೆ.

ಗಾಜಿನ ಕಪಾಟಿನಲ್ಲಿ ತೂಗುಹಾಕಿದ ಮುಖ ಯಾರದು ಎಂಬ ಪ್ರಶ್ನೆಯೂ ಆ ಕಾಲದಲ್ಲೇ ಬಂತು. ಇಂಗ್ಲೆಂಡಿನ ರೋಚೆಸ್ಟರ್‌ನಲ್ಲಿ ಶ್ರೀಮತಿ ಪೊಲಾರ್ಡ್ ಎಂಬುವರು ಹಣ ಕೊಟ್ಟು ಫೋಟೊ ತೆಗೆಸಿಕೊಂಡರು. ಸ್ಟುಡಿಯೊದವರು ಅದೇ ಫೋಟೊಗೆ ಎಲೆಗಳ ಅಲಂಕಾರ ಸೇರಿಸಿ ಕ್ರಿಸ್‌ಮಸ್ ಕಾರ್ಡ್ ಮಾಡಿ, ಅಂಗಡಿಯ ಕಿಟಕಿಯಲ್ಲಿ ಮಾರಾಟಕ್ಕಿಟ್ಟರು. 1888ರಲ್ಲಿ ನ್ಯಾಯಮೂರ್ತಿ ನಾರ್ತ್ ಅದಕ್ಕೆ ತಡೆಯಾಜ್ಞೆ ಕೊಟ್ಟರು. ಗಿರಾಕಿಗೆ ಪ್ರತಿ ಮಾಡಿಕೊಡಲೆಂದು ನಂಬಿ ಒಪ್ಪಿಸಿದ ನೆಗೆಟಿವನ್ನು ಬೇರೆ ಉದ್ದೇಶಕ್ಕೆ ಬಳಸುವುದು ಒಪ್ಪಂದದ ಭಂಗವೂ ನಂಬಿಕೆಯ ಭಂಗವೂ ಹೌದು ಎಂಬುದು ತೀರ್ಪಿನ ತಿರುಳು. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೆಯ ಕಲಂ ಕೂಡ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಫೋಟೊದ ಮೊದಲ ಒಡೆತನವನ್ನು ತೆಗೆಸಿದವರಿಗೇ ಕೊಡುತ್ತದೆ. ಇದು ಗೊತ್ತಿಲ್ಲದೆ ಅಥವಾ ಗೊತ್ತಿದ್ದೂ ಎಷ್ಟು ಮದುಮಕ್ಕಳ ಕಣ್ಣೀರು, ಎಷ್ಟು ಅಮ್ಮಂದಿರ ಅಪ್ಪುಗೆ ಯಾರದೋ ಮುಖಪುಟದಲ್ಲಿ ಸುರುಳಿ ಸುತ್ತುತ್ತಿದೆ! ಒಳ್ಳೆಯ ಸೈಟು ಕಟ್ಟಲು ಕೂತವರು ಬಣ್ಣ, ಅಕ್ಷರಗಳ ಬಗ್ಗೆ ಯೋಚಿಸುವ ಮೊದಲು ಒಂದು ಒಪ್ಪಿಗೆ ಪತ್ರವನ್ನು ಸಿದ್ಧಮಾಡಿಕೊಳ್ಳಬೇಕು.

ಕರ್ನಾಟಕಕ್ಕೆ ಫೋಟೊ ಬಂದಾಗ ಗಿರಾಕಿ ಎಂಬ ಪ್ರಾಣಿಯೇ ಇರಲಿಲ್ಲ. ಬೆಂಗಳೂರಿನಲ್ಲಿದ್ದ ಮದ್ರಾಸ್ ಸೈನ್ಯದ ಅಧಿಕಾರಿ ಲಿನಿಯಸ್ ಟ್ರೈಪ್ 1854ರ ಕೊನೆಯಲ್ಲಿ ಬೇಲೂರು, ಹಳೇಬೀಡುಗಳ ಚಿತ್ರ ತೆಗೆದು ಮರುವರ್ಷದ ಮದ್ರಾಸ್ ಪ್ರದರ್ಶನದಲ್ಲಿಟ್ಟ. ಅದೇ ಕಾಲದಲ್ಲಿ ವೈದ್ಯಾಧಿಕಾರಿ ನೀಲ್, ಸೇನಾಧಿಕಾರಿ ಬಿಗ್ಸ್ ಮೊದಲಾದವರು ಕ್ಯಾಮೆರಾ ಹೊತ್ತು ಗುಡಿಗಳ ಸುತ್ತ ತಿರುಗಿದರು. ಅವರ ಚಿತ್ರಗಳು 1866ರಲ್ಲಿ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ಕುರಿತು ಲಂಡನ್ನಿನಲ್ಲಿ ಅಚ್ಚಾದ ದೊಡ್ಡ ಗ್ರಂಥದಲ್ಲಿವೆ. ಅದರಲ್ಲಿ ಚರಿತ್ರೆಯ ಭಾಗ ಬರೆದವನು ನಮಗೆ ಸುರಪುರದಿಂದ ಪರಿಚಿತನಾದ ಮೆಡೋಸ್ ಟೇಲರ್. ಇವರಿಗೆಲ್ಲ ಸಂಬಳ ಬರುತ್ತಿತ್ತು. ಹೊಯ್ಸಳರ ಮದನಿಕೆಯರು ಡಜನ್ ಪ್ರತಿ ಬೇಕೆಂದು ಕೇಳುವಂತಿರಲಿಲ್ಲ. ಟ್ರೈಪ್ ಆಮೇಲೆ ಮದ್ರಾಸ್ ಸರ್ಕಾರದ ಅಧಿಕೃತ ಛಾಯಾಗ್ರಾಹಕನಾದ. ಗವರ್ನರ್ ಟ್ರೆವೆಲಿಯನ್ ಇದು ದುಬಾರಿ ಶೋಕಿ ಎಂದಾಗ ಆ ಕೆಲಸವೂ ನಿಂತಿತು. ದರ ಕೇಳುವ ಗಿರಾಕಿ ಇಲ್ಲದ ಕಲೆಗೆ ಒಬ್ಬ ಗವರ್ನರನ ಮನಸ್ಸೇ ಗತಿ.

ಭಾರತದಲ್ಲಿ ವ್ಯಾಪಾರದ ರೀತಿಯನ್ನು ತೋರಿಸಿಕೊಟ್ಟವನು ಸ್ಯಾಮ್ಯುಯೆಲ್ ಬೋರ್ನ್. ಇಂಗ್ಲೆಂಡಿನಲ್ಲಿ ಬ್ಯಾಂಕಿನ ಕೆಲಸ ಬಿಟ್ಟು 1863ರಲ್ಲಿ ಕಲ್ಕತ್ತೆಗೆ ಬಂದ. ಹಿಮಾಲಯಕ್ಕೆ ಮೂರು ಸಲ ಹೋದ ಅವನ ಯಾತ್ರೆಗಳು, ಗಾಜಿನ ಫಲಕಗಳನ್ನು ಹೊತ್ತ ಕೂಲಿಗಳ ಸಾಲು, ಇವೆಲ್ಲ ಬಹಳ ಪ್ರಸಿದ್ಧ. ನನಗೆ ಅದಕ್ಕಿಂತ ಕುತೂಹಲ ಹುಟ್ಟಿಸುವುದು ಅವನು ನೆಗೆಟಿವ್‌ನ ಮೂಲೆಯಲ್ಲಿ ಬರೆಯುತ್ತಿದ್ದ ತನ್ನ ಹೆಸರು ಮತ್ತು ನಂಬರು. ಬೋರ್ನ್ ಅಂಡ್ ಶೆಪರ್ಡ್ ಸಂಸ್ಥೆ ಆ ನಂಬರುಗಳ ಎದುರು ಊರು ಮತ್ತು ದೃಶ್ಯದ ವಿವರ ಕೊಟ್ಟು ಕ್ಯಾಟಲಾಗ್ ಅಚ್ಚುಹಾಕಿತು. ಕಂಟೋನ್ಮೆಂಟಿನ ಯಾವನೋ ಅಧಿಕಾರಿ ಕ್ಯಾಟಲಾಗ್ ನೋಡಿ ನಂಬರು ಬರೆದು ಕಳಿಸಿದರೆ ಚಿತ್ರ ಬರುತ್ತಿತ್ತು. ಹುಡುಕಬಲ್ಲಂತೆ ಹೆಸರಿಟ್ಟದ್ದೇ ಆ ವ್ಯಾಪಾರದ ಬುನಾದಿ. ಇವತ್ತು ಗ್ರಂಥಾಲಯಗಳಲ್ಲಿ, ಯಾರದೋ ಹಳೆಯ ಆಲ್ಬಮ್ಮಿನಲ್ಲಿ ತಲೆಬರಹವಿಲ್ಲದ ಚಿತ್ರ ಸಿಕ್ಕಾಗ ನಾವು ಗುರುತು ಹಿಡಿಯುವುದೂ ಅದೇ ನಂಬರಿನಿಂದಲೇ.

ಇನ್ನು ಲಾಲಾ ದೀನ್ ದಯಾಳ್. ಮೀರತ್ ಬಳಿಯ ಸರ್ಧಾನದಲ್ಲಿ 1844ರಲ್ಲಿ ಹುಟ್ಟಿ, ರೂರ್ಕಿಯಲ್ಲಿ ಎಂಜಿನಿಯರಿಂಗ್ ಓದಿ, ಇಂದೋರಿನಲ್ಲಿ ಲೋಕೋಪಯೋಗಿ ಇಲಾಖೆಯ ನೌಕರಿಯಲ್ಲಿದ್ದವರು ಅದನ್ನು ಬಿಟ್ಟು ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಸೇರಿದರು. ಸಿಕಂದರಾಬಾದಿನಲ್ಲಿ ಸ್ಟುಡಿಯೊ, 1896ರಲ್ಲಿ ಮುಂಬಯಿಯಲ್ಲಿ ಇನ್ನೊಂದು, 1897ರಲ್ಲಿ ರಾಣಿ ವಿಕ್ಟೋರಿಯಾಳ ಅಧಿಕೃತ ಛಾಯಾಗ್ರಾಹಕ ಎಂಬ ಮನ್ನಣೆ. ರಟ್ಟಿನ ಮೇಲೆ ಹಾಕಿಕೊಳ್ಳಲು ಬಿರುದುಗಳಿಗೆ ಬರವಿರಲಿಲ್ಲ. ಆದರೆ ಅವರ ವ್ಯಾಪಾರಬುದ್ಧಿಯ ನಿಜವಾದ ಗುರುತು 1892ರಲ್ಲಿ ಹೈದರಾಬಾದಿನಲ್ಲಿ ತೆರೆದ ಜನಾನಾ ಸ್ಟುಡಿಯೊ. ಎತ್ತರದ ಗೋಡೆಗಳ ಒಳಗೆ, ಶ್ರೀಮತಿ ಕೆನ್ನಿ-ಲೆವಿಕ್ ಎಂಬ ಮಹಿಳೆಯ ಉಸ್ತುವಾರಿಯಲ್ಲಿ, ಗಂಡಸರ ಕಣ್ಣಿಗೆ ಬೀಳದೆ ಹೆಂಗಸರು ಫೋಟೊ ತೆಗೆಸಿಕೊಳ್ಳುವ ಜಾಗ. ಬಾಗಿಲಾಚೆ ಎಷ್ಟು ಒಳ್ಳೆಯ ಚಿತ್ರ ತೂಗುಹಾಕಿದರೂ ಈ ಗಿರಾಕಿಗಳು ಬರುತ್ತಿರಲಿಲ್ಲ. ಅವರನ್ನು ತಡೆದದ್ದು ಅಂಜಿಕೆ, ಮರ್ಯಾದೆಯ ಪ್ರಶ್ನೆ. ದೀನ್ ದಯಾಳ್ ಆ ಅಡ್ಡಿಯನ್ನೇ ತೆಗೆದರು.

ಈ ಜನಾನಾ ಸ್ಟುಡಿಯೊವನ್ನು ನೆನೆಯುವಾಗಲೆಲ್ಲ ನಮ್ಮ ತಾಲ್ಲೂಕು ಊರುಗಳ ಸ್ಟುಡಿಯೊಗಳ ಶೋಕೇಸು ಕಣ್ಣ ಮುಂದೆ ಬರುತ್ತದೆ. ಬಸ್‌ಸ್ಟ್ಯಾಂಡಿನ ಬಳಿ, ಮಹಡಿಗೆ ಹೋಗುವ ಮೆಟ್ಟಿಲಿನ ಪಕ್ಕ, ಗಾಜಿನ ಬಾಗಿಲಿನ ಒಂದು ಕಪಾಟು. ಅದರಲ್ಲಿ ಬಣ್ಣ ಹಚ್ಚಿದ ಮದುವೆ ಜೋಡಿ, ಬರೀ ಮೈಯಲ್ಲಿ ಬೋರಲು ಮಲಗಿ ತಲೆ ಎತ್ತಿದ ಕೂಸು, ಕೃಷ್ಣನ ವೇಷದ ಮಗು, ಹೈಸ್ಕೂಲಿನ ಗ್ರೂಪ್ ಫೋಟೊ. ಸಂತೆಗೆ ಬಂದವರು ನಿಂತು, ಇವನು ಇಂಥವರ ಮಗ ಅಲ್ಲವೇ ಎಂದು ಗುರುತು ಹಿಡಿಯುತ್ತಿದ್ದರು. ಬ್ರೇಡಿಯ ಗ್ಯಾಲರಿಯಲ್ಲಿ ದೊಡ್ಡವರಿದ್ದರು, ಇಲ್ಲಿ ಪರಿಚಿತರು. ಎಳೆಯುವ ಶಕ್ತಿಯಲ್ಲಿ ಎರಡನೆಯದು ಕಡಿಮೆಯದಲ್ಲ ಎಂಬುದು ನನ್ನ ಅನಿಸಿಕೆ. ಅದೇ ಪರಿಚಯದ ಕಾರಣಕ್ಕೆ, ಮದುವೆಗೆ ಬಂದ ಹುಡುಗಿಯ ಫೋಟೊ ಶೋಕೇಸಿನಲ್ಲಿ ಹಾಕಬೇಡಿ ಎಂದು ಮನೆಯವರು ಹೇಳಿ ಹೋಗುವುದೂ ಇತ್ತು. ಆ ಹುಡುಗಿಯ ಫೋಟೊ ಗಂಡಿನ ಕಡೆಗೆ ಹೋಗುವಾಗ ಅದರ ಬೆನ್ನ ಮೇಲೆ ಒಂದು ಕಡೆ ಸ್ಟುಡಿಯೊದ ರಬ್ಬರ್ ಸ್ಟಾಂಪು, ಇನ್ನೊಂದು ಕಡೆ ಅಪ್ಪನ ಕೈಬರಹದಲ್ಲಿ ಹೆಸರು, ನಕ್ಷತ್ರ, ರಾಶಿ. ಆ ಬೆನ್ನು ಒಂದು ಇಡೀ ಸಮಾಜದ ದಾಖಲೆ. ಅದೇ ಫೋಟೊವನ್ನು ಈಗ ಯಾರಾದರೂ ಸ್ಕ್ಯಾನ್ ಮಾಡುವಾಗ ಬರೀ ಮುಂಬದಿಯನ್ನು ಸ್ಕ್ಯಾನ್ ಮಾಡಿ ಸುಮ್ಮನಾಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಶೋಕೇಸು ಪರದೆಗೆ ಬಂದಾಗ ಆದದ್ದು ಇದಕ್ಕೆ ತಿರುಗುಮುರುಗು. ತೊಂಬತ್ತರ ದಶಕದ ಕೊನೆಯಿಂದ ಮುಂದಿನ ಹತ್ತು ಹನ್ನೆರಡು ವರ್ಷ ಛಾಯಾಗ್ರಾಹಕರ ಸೈಟುಗಳನ್ನು ಆಳಿದ್ದು ಫ್ಲ್ಯಾಶ್ ಎಂಬ ತಂತ್ರಾಂಶ. ಸೈಟು ತೆರೆದರೆ ಕಪ್ಪು ಹಿನ್ನೆಲೆ, ಶೇಕಡಾವಾರು ಏರುವ ಒಂದು ಗೆರೆ, ಕೇಳದೆಯೇ ಹೊರಡುವ ಪಿಯಾನೊ, ಆಮೇಲೆ ಒಂದರೊಳಗೊಂದು ಕರಗುವ ಚಿತ್ರಗಳು. ನೋಡಲು ಸೊಗಸು. ಆದರೆ ಇಡೀ ಸೈಟು ಒಂದೇ ಮುಚ್ಚಿದ ಡಬ್ಬಿ. ಒಳಗಿನ ಒಂದು ಚಿತ್ರಕ್ಕೆ ಪ್ರತ್ಯೇಕ ವಿಳಾಸವಿಲ್ಲ. ಹುಡುಕು ಯಂತ್ರಗಳಿಗೆ ಒಳಗಿನ ಅಕ್ಷರಗಳು ಬಹುಮಟ್ಟಿಗೆ ಕಾಣುತ್ತಿರಲಿಲ್ಲ. 1998ರಲ್ಲಿ ಶುರುವಾದ ಗೂಗಲ್ ಆ ಹೊತ್ತಿಗೆ ಜಗತ್ತಿನ ಬಾಗಿಲಾಗಿತ್ತು. ಊರಿನ ಹೆಸರು ಹಾಕಿ ಫೋಟೊಗ್ರಾಫರ್ ಎಂದು ಹುಡುಕಿದವರಿಗೆ ಈ ಸುಂದರ ಡಬ್ಬಿಗಳು ಸಿಗುತ್ತಿರಲಿಲ್ಲ. 2007ರಲ್ಲಿ ಬಂದ ಐಫೋನ್ ಫ್ಲ್ಯಾಶನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಕೊನೆಗೆ 2020ರ ಡಿಸೆಂಬರ್ 31ರಂದು ಅಡೋಬಿ ಅದಕ್ಕೆ ಬೆಂಬಲ ನಿಲ್ಲಿಸಿತು. ಒಂದು ತಲೆಮಾರಿನ ಶೋಕೇಸುಗಳು ಹೀಗೆ ಕಪ್ಪಾದವು. ಸೈಟುಗಳನ್ನು ಜೋಪಾನ ಮಾಡುವ ಇಂಟರ್ನೆಟ್ ಆರ್ಕೈವ್‌ನಲ್ಲಿ ಆ ವಿಳಾಸಗಳನ್ನು ತೆರೆದರೆ ಎಷ್ಟೋ ಸಲ ಒಂದು ಖಾಲಿ ಚೌಕ ಸಿಗುತ್ತದೆ. ಸಾದಾ ಅಕ್ಷರದಲ್ಲಿ ಫೋನ್ ನಂಬರ್, ವಿಳಾಸ, ಚಿತ್ರದ ವಿವರ ಬರೆದಿದ್ದ ಬಡ ಪುಟಗಳು ಮಾತ್ರ ಇವತ್ತಿಗೂ ಓದಲು ಸಿಗುತ್ತವೆ.

ಕನ್ನಡದ ಮಟ್ಟಿಗೆ ಇನ್ನೊಂದು ಪೇಚು. ನಮ್ಮ ಡಿಟಿಪಿ ಅಂಗಡಿಗಳು, ಆಲ್ಬಮ್ ವಿನ್ಯಾಸ ಮಾಡುವವರು ಬಹುಕಾಲ ಯೂನಿಕೋಡ್ ಅಲ್ಲದ ಫಾಂಟುಗಳಲ್ಲೇ ಕೆಲಸ ಮಾಡಿದರು. ಆ ಅಕ್ಷರಗಳನ್ನು ಹಾಗೆಯೇ ಸೈಟಿಗೆ ಹಾಕಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗುತ್ತದೆ. ಅದಕ್ಕೆ ಕಂಡುಕೊಂಡ ಉಪಾಯ, ಕನ್ನಡವನ್ನು ಚಿತ್ರವಾಗಿ ಮಾಡಿ ಅಂಟಿಸುವುದು. ಕಣ್ಣಿಗೆ ಕನ್ನಡ ಕಂಡರೂ ಯಂತ್ರಕ್ಕೆ ಕಾಣದು. ಈಗ ಆ ಕಾರಣ ಇಲ್ಲ. ಆದರೂ ಜಿಲ್ಲಾ ಕೇಂದ್ರದ ಸ್ಟುಡಿಯೊಗಳ ಸೈಟು ಇಂಗ್ಲಿಷಿನಲ್ಲೇ ಇರುತ್ತದೆ, ಅದೂ ಎಲ್ಲಿಂದಲೋ ತಂದ ಇಂಗ್ಲಿಷು. ಮಗಳ ಮದುವೆಗೆ ಫೋಟೊಗ್ರಾಫರನನ್ನು ಹುಡುಕುವ ಹಾವೇರಿಯ ಮೇಷ್ಟ್ರು ಫೋನಿನಲ್ಲಿ ಕನ್ನಡದಲ್ಲಿ ಕೇಳಿದರೆ ಅವರಿಗೆ ಸಿಗುವ ಉತ್ತರ ಕಡಿಮೆ. ಮುಹೂರ್ತ, ಆರತಕ್ಷತೆ, ನಾಮಕರಣ, ಸೀಮಂತ, ಗೃಹಪ್ರವೇಶ ಎಂಬ ಪದಗಳನ್ನು ಸೈಟಿನಲ್ಲಿ ಬರೆದಿಟ್ಟರೆ, ಬೋರ್ನ್‌ನ ಕ್ಯಾಟಲಾಗ್ ಮಾಡುತ್ತಿದ್ದ ಕೆಲಸವನ್ನು ಅವು ಮಾಡುತ್ತವೆ.

ತೂಕದ ಮಾತನ್ನೂ ಹೇಳಿಬಿಡಬೇಕು. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರವೆಂದರೆ 6000 ಅಡ್ಡ, 4000 ಉದ್ದ ಚುಕ್ಕೆಗಳು. ಒಂದೊಂದು ಹತ್ತು ಎಂಬಿ ಇದ್ದು ಅಂಥ ಇಪ್ಪತ್ತನ್ನು ಹಾಗೆಯೇ ಏರಿಸಿದರೆ ಪುಟ ಇನ್ನೂರು ಎಂಬಿ. ಮೊಬೈಲ್ ಪರದೆಗೆ ಅದರ ಮೂರರಲ್ಲಿ ಒಂದು ಅಗಲವೇ ಧಾರಾಳ. ಗೂಗಲ್ 2015ರ ಏಪ್ರಿಲಿನಿಂದ ಮೊಬೈಲಿಗೆ ಒಗ್ಗುವ ಪುಟಗಳಿಗೆ ಆದ್ಯತೆ ಕೊಟ್ಟಿತು, 2018ರಿಂದ ಮೊಬೈಲ್ ರೂಪವನ್ನೇ ಮೂಲವಾಗಿಟ್ಟುಕೊಂಡು ಪುಟಗಳನ್ನು ಪಟ್ಟಿ ಮಾಡತೊಡಗಿತು. ದೊಡ್ಡ ತಗಡಿನ ಚಿತ್ರಕ್ಕಿಂತ ಪುಟ್ಟ ಭೇಟಿಚೀಟಿ ಏಕೆ ಗೆದ್ದಿತೆಂದು ದಿಸ್ದೇರಿಯನ್ನು ಕೇಳಿದ್ದರೆ ಇದೇ ಲೆಕ್ಕ ಹೇಳುತ್ತಿದ್ದ.

ಇಷ್ಟೆಲ್ಲ ಏಕೆ, ಇನ್‌ಸ್ಟಾಗ್ರಾಮ್ ಇದೆಯಲ್ಲ ಎಂದು ಹೊಸಬರು ಕೇಳುತ್ತಾರೆ. 2010ರಲ್ಲಿ ಬಂದ ಅದು ಛಾಯಾಗ್ರಾಹಕರಿಗೆ ಕೆಲಸ ತಂದುಕೊಟ್ಟಿರುವುದು ನಿಜ. ನನ್ನ ತಕರಾರು ಬೆನ್ನಿನ ಬಗ್ಗೆ. ಡಿಜಿಟಲ್ ಚಿತ್ರಕ್ಕೂ ಒಂದು ಬೆನ್ನಿದೆ. ತೆಗೆದ ದಿನ, ಕ್ಯಾಮೆರಾ, ಲೆನ್ಸ್ ಮುಂತಾದವು ಕಡತದೊಳಗೇ ದಾಖಲಾಗುತ್ತವೆ. ಸುದ್ದಿಸಂಸ್ಥೆಗಳ ಒಕ್ಕೂಟವಾದ ಐಪಿಟಿಸಿ ರೂಪಿಸಿದ ಮಾದರಿಯಲ್ಲಿ ತೆಗೆದವರ ಹೆಸರು, ಊರು, ವಿವರಣೆ, ಹಕ್ಕುಗಳನ್ನೂ ಅಲ್ಲೇ ಬರೆದಿಡಬಹುದು. ಇನ್‌ಸ್ಟಾಗ್ರಾಮ್‌ಗೆ ಏರಿಸಿದಾಗ, ವಾಟ್ಸ್ಆ್ಯಪ್‌ನಲ್ಲಿ ಫೋಟೊವಾಗಿ ಕಳಿಸಿದಾಗ ಇದರಲ್ಲಿ ಬಹುಪಾಲು ಉದುರಿಹೋಗುತ್ತದೆ. ಚಿತ್ರ ಊರೆಲ್ಲ ಸುತ್ತುತ್ತದೆ. ಮಗುಚಿ ನೋಡಿದರೆ ಬೆನ್ನು ಖಾಲಿ. ಅಜ್ಜಿಯ ಎಂಬತ್ತನೆಯ ಹುಟ್ಟುಹಬ್ಬದ ಆ ಒಳ್ಳೆಯ ಚಿತ್ರ ತೆಗೆದವರು ಯಾರೆಂದು ನಾಲ್ಕನೆಯ ಫಾರ್ವರ್ಡಿನಲ್ಲಿ ಯಾರಿಗೂ ಗೊತ್ತಿಲ್ಲ. ಗಿರಾಕಿ ಆಗಬಹುದಾಗಿದ್ದವರೂ ಹೋದರು, ಮುಂದಿನ ಚರಿತ್ರೆಕಾರರಿಗೆ ಸಿಗಬಹುದಾಗಿದ್ದ ಎಳೆಯೂ ಹೋಯಿತು.

ಬಾಡಿಗೆ ಜಾಗದ ಅಪಾಯವನ್ನು ನಾವು ಕಂಡಿದ್ದೇವೆ. ನಮ್ಮ ದೇಶದಲ್ಲಿ ಬಹಳ ಜನಪ್ರಿಯವಾಗಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಫೋಟೊಬಕೆಟ್ 2017ರಲ್ಲಿ ಬೇರೆ ಸೈಟುಗಳಲ್ಲಿ ಚಿತ್ರ ತೋರಿಸಲು ವರ್ಷಕ್ಕೆ 399 ಡಾಲರ್ ಕೇಳಿದಾಗ ಅಸಂಖ್ಯ ಪುಟಗಳಲ್ಲಿ ಚಿತ್ರಗಳ ಜಾಗದಲ್ಲಿ ನೋಟಿಸು ನಿಂತಿತು. ಪುಕ್ಕಟೆ ಖಾತೆಯಲ್ಲಿ ಸಾವಿರ ಚಿತ್ರ ಮಾತ್ರ ಎಂದು ಫ್ಲಿಕರ್ ಮಾರನೆಯ ವರ್ಷ ಘೋಷಿಸಿತು. ಸ್ವಂತ ಡೊಮೇನಿಗೂ ಬಾಡಿಗೆ ಕಟ್ಟಬೇಕು ನಿಜ, ಆದರೆ ಅಲ್ಲಿ ಕನಿಷ್ಠ ಹೆಸರು ನಮ್ಮದು. ಅದನ್ನೂ ನವೀಕರಿಸದೆ ಬಿಟ್ಟರೆ, ಊರಿನ ಹಳೆಯ ಸ್ಟುಡಿಯೊದ ಹೆಸರಿನಲ್ಲಿ ಯಾರೋ ಜೂಜಿನ ಜಾಹೀರಾತು ಹಾಕಿಕೊಂಡು ಕೂರುತ್ತಾರೆ. ನಾದಾರ್‌ಗೆ ತಮ್ಮನೊಬ್ಬನೇ ಎದುರಾಳಿ. ಇಲ್ಲಿ ಎದುರಾಳಿಗೆ ಮುಖವೇ ಇಲ್ಲ.

ಇನ್ನು ಆ ಸಣ್ಣಕ್ಷರದ ಸಾಲು. ನೆಗೆಟಿವ್ ಕಾಪಾಡಿ ಇಟ್ಟಿದ್ದೇವೆ ಎಂಬ ಮಾತು ಗಿರಾಕಿಯನ್ನು ಮತ್ತೆ ಮತ್ತೆ ಬಾಗಿಲಿಗೆ ತರುತ್ತಿತ್ತು. ಮನೆಯ ಯಜಮಾನರು ತೀರಿಕೊಂಡಾಗ ಹತ್ತು ವರ್ಷದ ಹಿಂದಿನ ನೆಗೆಟಿವ್ ಹುಡುಕಿಸಿ ದೊಡ್ಡದು ಮಾಡಿಸಿ ಹಾರ ಹಾಕಿದ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಡಿಜಿಟಲ್ ಬಂದ ಮೇಲೆ ಮುಚ್ಚಿದ ಸ್ಟುಡಿಯೊಗಳಲ್ಲಿ ಆ ನೆಗೆಟಿವ್‌ಗಳು ಬೆಳ್ಳಿಯ ಆಸೆಗೆ ಗುಜರಿಗೆ ಹೋದವು, ಇಲ್ಲವೇ ಅಟ್ಟದಲ್ಲಿ ಬೂಷ್ಟು ಹಿಡಿದವು. ಬೋರ್ನ್ ಅಂಡ್ ಶೆಪರ್ಡ್‌ನ ಸಂಗ್ರಹದ ಬಹುಭಾಗ 1991ರ ಬೆಂಕಿಯಲ್ಲಿ ಸುಟ್ಟಿತು. 2016ರಲ್ಲಿ ಅಂಗಡಿಯೇ ಮುಚ್ಚಿತು. ಈಗಿನ ಮದುವೆ ಫೋಟೊದವರ ಸೈಟುಗಳಲ್ಲಿ ಡ್ರೋನ್ ಇದೆ, ಆಲ್ಬಮ್ಮಿನ ಪುಟಗಳ ಲೆಕ್ಕವಿದೆ, ಎಷ್ಟು ಕ್ಯಾಮೆರಾ ಬರುತ್ತವೆ ಎಂಬುದಿದೆ. ತೆಗೆದ ಚಿತ್ರಗಳ ಮೂಲ ಕಡತಗಳನ್ನು ಎಷ್ಟು ವರ್ಷ, ಎಷ್ಟು ಕಡೆ ಕಾಪಾಡುತ್ತೀರಿ ಎಂಬುದಕ್ಕೆ ಹೆಚ್ಚಿನವುಗಳಲ್ಲಿ ಉತ್ತರವಿಲ್ಲ. ಹಾರ್ಡ್ ಡಿಸ್ಕ್ ತುಂಬಿದಾಗ ಹಳೆಯ ಮದುವೆ ಅಳಿಸಿ ಹೊಸ ಮದುವೆಗೆ ಜಾಗ ಮಾಡುವುದು ವೃತ್ತಿಯಲ್ಲಿ ಗುಟ್ಟೇನಲ್ಲ. ಐದು ವರ್ಷ, ಎರಡು ಬೇರೆ ಬೇರೆ ಜಾಗಗಳಲ್ಲಿ ಎಂದು ಒಬ್ಬರು ಬರೆದು ಅದರಂತೆ ನಡೆದರೆ, ಅದೇ ಬೀದಿಯ ಇನ್ನೊಬ್ಬರಿಗಿಂತ ಅವರನ್ನು ಆರಿಸಲು ನನಗೆ ಬೇರೆ ಕಾರಣ ಬೇಕಿಲ್ಲ.

ದೀನ್ ದಯಾಳರು 1905ರಲ್ಲಿ ತೀರಿಕೊಂಡರು. ಅವರ ಗಾಜಿನ ನೆಗೆಟಿವ್‌ಗಳಲ್ಲಿ 2,857 ಉಳಿದು, 1989ರಲ್ಲಿ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರವನ್ನು ಸೇರಿದವು.